ಕಣ್ಣು ತೆರೆದ ತಗಡು

ಇಳಕಲ್ಲಿನ ಕೆಂಪು ಕಲ್ಲನ್ನು ನೀವು ನೋಡಿಯೇ ಇರುತ್ತೀರಿ. ಬ್ಯಾಂಕಿನ ಮೆಟ್ಟಿಲಾಗಿ, ಕಲ್ಯಾಣ ಮಂಟಪದ ನೆಲವಾಗಿ, ಸತ್ತವರ ಹೆಸರು ಹೊತ್ತ ಫಲಕವಾಗಿ ಅದು ತಣ್ಣಗೆ ಹೊಳೆಯುತ್ತ ಬಿದ್ದಿರುತ್ತದೆ. ಆದರೆ ಅದೇ ಕಲ್ಲು ಇಪ್ಪತ್ತು ಟನ್ನಿನ ಬಂಡೆಯಾಗಿ ಟ್ರಾಲಿಯ ಮೇಲೆ ಕೂತು, ಹಳಿಗಳ ಮೇಲೆ ತಾನಾಗಿಯೇ ನಡೆದುಬರುವುದನ್ನು ನೋಡಿದವರು ಕಡಿಮೆ. ಶಂಕ್ರಪ್ಪ ಚಿತ್ರಗಾರ ಅದನ್ನು ಮೊದಲ ಸಲ ನೋಡಿದ್ದು ತನ್ನ ಐವತ್ತನಾಲ್ಕನೆಯ ವಯಸ್ಸಿನಲ್ಲಿ. ನೋಡಿದವನೇ ಕೈಯಲ್ಲಿದ್ದ ಬಣ್ಣದ ಡಬ್ಬಿ ಕೆಳಗಿಟ್ಟ. ಆ ಬಂಡೆ ಆಳಿಗಿಂತ ಒಂದು ಮೊಳ ಎತ್ತರ. ಅದರ ಮುಂದೆ ಎತ್ತಿನ ಬಂಡಿಯ ಗಾಲಿಗಿಂತ ದೊಡ್ಡದಾದ ಗರಗಸದ ಚಕ್ರ ಕಿವಿ ಹರಿಯುವಂತೆ ಕೂಗುತ್ತಿತ್ತು. ಆ ಕೂಗಿನ ನಡುವೆ ಬಂಡೆ ಮಾತ್ರ ಸದ್ದಿಲ್ಲದೆ ಸರಿಯುತ್ತಿತ್ತು. ಅಷ್ಟು ಭಾರದ ವಸ್ತು ಅಷ್ಟು ಸುಮ್ಮನೆ ಬರಬಹುದು ಎಂಬುದೇ ಅವನಿಗೆ ನಂಬಲಾಗಲಿಲ್ಲ. ಹಳಿಯಿಂದ ದೂರ ಸರಿದು ನಿಂತ.

ಶಂಕ್ರಪ್ಪ ಹೆದರುಪುಕ್ಕಲನಲ್ಲ. ಹೆದರಿಕೆ ಎಂಬುದು ಅವನ ಮನೆತನದ ಕಸುಬೇ ಎನ್ನಬಹುದು. ಹುನಗುಂದ ತಾಲ್ಲೂಕಿನ ಎಷ್ಟೋ ಹಳ್ಳಿಗಳ ದ್ಯಾಮವ್ವಂದಿರಿಗೆ ಅವನ ಅಜ್ಜ, ಅಪ್ಪ ಬಣ್ಣ ಕೊಟ್ಟವರು. ಕಟ್ಟಿಗೆಯ ದೇವಿ; ಹತ್ತು ಹನ್ನೆರಡು ವರ್ಷಕ್ಕೊಮ್ಮೆ ಬಣ್ಣ ಮಾಸಿದಾಗ ಊರ ಹಿರಿಯರು ಬಂದು ಕರೆಯುತ್ತಾರೆ. ಮೊದಲು ದೇವಿಯ ಕಳೆಯನ್ನು, ಅವಳೊಳಗಿನ ಶಕ್ತಿಯನ್ನು, ಒಂದು ತಂಬಿಗೆ ನೀರಿಗೆ ಇಳಿಸಬೇಕು. ಆಮೇಲೆ ಅವಳು ಬರೀ ಕಟ್ಟಿಗೆ, ಕೆರೆಯಬಹುದು, ಉಜ್ಜಬಹುದು. ಎಲ್ಲ ಬಣ್ಣ ಮುಗಿದ ಮೇಲೆ ಕೊನೆಗೆ ಕಣ್ಣು. ಕಣ್ಣಿನ ಕರಿಬೊಟ್ಟು ಇಡುವ ದಿನ ಚಿತ್ರಗಾರ ಉಪವಾಸ ಇರಬೇಕು, ಅಡ್ಡ ಪರದೆ ಕಟ್ಟಬೇಕು. ದೇವಿಯ ಮೊದಲ ನೋಟ ಮನುಷ್ಯನ ಮೇಲೆ ಬೀಳದಂತೆ ಎದುರಿಗೆ ಕನ್ನಡಿ ಹಿಡಿಯಬೇಕು. ಪರದೆ ಸರಿದಾಗ ಊರಿಗೆ ಊರೇ ಒಂದು ಹೆಜ್ಜೆ ಹಿಂದೆ ಸರಿಯುತ್ತದೆ. ಆ ಒಂದು ಹೆಜ್ಜೆಯೇ ತನ್ನ ಕೂಲಿ ಎಂದು ಶಂಕ್ರಪ್ಪನ ಅಪ್ಪ ಹೇಳುತ್ತಿದ್ದ.

ಆದರೆ ಹನ್ನೆರಡು ವರ್ಷಕ್ಕೊಮ್ಮೆ ಬರುವ ಕೆಲಸ ನಂಬಿ ಕೂತರೆ ಒಲೆ ಉರಿಯುವುದಿಲ್ಲ. ಶಂಕ್ರಪ್ಪ ಬೋರ್ಡು ಬರೆದ. ಅಮೀನಗಡದ ಕರದಂಟಿನ ಅಂಗಡಿಗಳಿಗೆ, ಗುಳೇದಗುಡ್ಡದ ಖಣದ ಅಂಗಡಿಗಳಿಗೆ, ಬಾದಾಮಿಯ ಲಾಡ್ಜುಗಳಿಗೆ ಅಕ್ಷರ ಬರೆದ. ಅವನು ಬರೆದ ಗೋಡಂಬಿ ನೋಡಿ ಬಸ್ಸಿನಲ್ಲಿದ್ದ ಮಕ್ಕಳು ಹಟ ಮಾಡುತ್ತಿದ್ದವಂತೆ. ಹೀಗೆಂದು ಹೇಳುವವನು ಅವನೇ, ಹಾಗಾಗಿ ಅರ್ಧ ಬಿಟ್ಟು ಅರ್ಧ ನಂಬಿದರೆ ಸಾಕು. ಆಮೇಲೆ ಫ್ಲೆಕ್ಸು ಬಂತು. ಒಂದು ತಾಸಿನಲ್ಲಿ ಆಳೆತ್ತರದ ಮುಖ ಮಾಡಿಕೊಡುವ ಯಂತ್ರ ಬಂದ ಮೇಲೆ ಅವನ ಕುಂಚ ಟ್ರ್ಯಾಕ್ಟರಿನ ಟ್ರೇಲರಿಗೂ ನಂಬರ್ ಪ್ಲೇಟಿಗೂ ಇಳಿಯಿತು. ಅದರ ಬಗ್ಗೆ ಅವನು ಯಾರ ಮುಂದೆಯೂ ಅಳಲಿಲ್ಲ. ನಂಬರನ್ನೂ ಚೆಂದಾಗಿ ಬರೆದ.

ಅವನನ್ನು ಕಲ್ಲಿನ ಫ್ಯಾಕ್ಟರಿಗೆ ಕರೆಸಿದ್ದು ಅನಿಲಕುಮಾರ ಎಂಬ ಎಂಜಿನಿಯರು. ಬಾಗಲಕೋಟೆಯಲ್ಲಿ ಓದಿದವನು, ಕೆಲಸಗಾರರ ಸುರಕ್ಷತೆಯ ಹೊಣೆ ಹೊತ್ತವನು. ಅವನ ಚಿಂತೆಯೆಲ್ಲ ಹತ್ತು ಅಡಿ ಜಾಗದ ಮೇಲೆ ನಿಂತಿತ್ತು. ಬಂಡೆ ಹೊತ್ತ ಟ್ರಾಲಿ ಗರಗಸದ ಕಡೆ ಮುಂದೆ ಹೋದಾಗ, ಅದರ ಬೆನ್ನಿಗೂ ಹಿಂದಿನ ಗೋಡೆಗೂ ನಡುವೆ ಹತ್ತು ಅಡಿ ತೆರವಾಗುತ್ತದೆ. ಟ್ರಾಲಿ ವಾಪಸು ಬಂದಾಗ ಅದೇ ಜಾಗ ಒಂದು ಗೇಣು ಉಳಿಯುತ್ತದೆ. ಆ ಜಾಗದ ಆಚೆಗೆ ಕುಡಿಯುವ ನೀರಿನ ಹರವಿ. ಸುತ್ತು ಹಾಕಿ ಹೋದರೆ ನೂರು ಹೆಜ್ಜೆ, ಅಡ್ಡ ದಾಟಿದರೆ ಹನ್ನೆರಡು. ಬಾಯಾರಿದವರು ನೂರು ಹೆಜ್ಜೆ ನಡೆಯುತ್ತಾರೆಯೇ? ಹಿಂದಿನ ವರ್ಷ ಹಣಮಪ್ಪ ಎಂಬುವನು ಹಾಗೆ ದಾಟುವಾಗ ಟ್ರಾಲಿ ವಾಪಸು ಬಂದಿತ್ತು. ಅವನು ಈಗ ಮನೆಯ ಕಟ್ಟೆಯ ಮೇಲೆ ಕೂತಿರುತ್ತಾನೆ. ಏಳಬೇಕೆಂದರೆ ಇಬ್ಬರು ಹಿಡಿಯಬೇಕು.

ಆಮೇಲೆ ಅನಿಲಕುಮಾರ ಮಾಡದ ಉಪಾಯವಿಲ್ಲ. ಸೈರನ್ ಹಾಕಿಸಿದ, ಗರಗಸದ ಕೂಗಿನಲ್ಲಿ ಅದು ಯಾರಿಗೂ ಕೇಳಿಸಲಿಲ್ಲ. ಸರಪಳಿ ಕಟ್ಟಿಸಿದ, ಆದರೆ ಗರಗಸದಿಂದ ಹರಿದು ಬರುವ ಕಲ್ಲಿನ ರಾಡಿ ಅಲ್ಲೇ ಬಂದು ನಿಲ್ಲುತ್ತದೆ, ದಿನಕ್ಕೆ ನಾಲ್ಕೈದು ಸಲ ಒಳಗೆ ಹೋಗಿ ಅದನ್ನು ಬಳಿಯಲೇಬೇಕು. ಬಳಿಯಲು ಬಿಚ್ಚಿದ ಸರಪಳಿ ಬಿಚ್ಚಿದಂತೆಯೇ ಉಳಿಯಿತು. ಬೆಂಗಳೂರಿನಿಂದ ಹಳದಿ ತ್ರಿಕೋನದ ಬೋರ್ಡುಗಳನ್ನು ತರಿಸಿದ. ಮೊದಲ ದಿನ ಎಲ್ಲರೂ ನೋಡಿದರು, ಎರಡನೆಯ ದಿನ ಒಬ್ಬರು ಅದಕ್ಕೆ ಊಟದ ಚೀಲ ತೂಗುಹಾಕಿದರು. ಕೊನೆಗೆ ಕೆಲಸದ ಹೆಣ್ಣುಮಗಳೊಬ್ಬಳು ಬಂದು, ನಮ್ಮಣ್ಣ ಬರೆದರೆ ನೋಡುತ್ತಾರೆ ಸಾಹೇಬ್ರೇ ಎಂದಳು.

ಆ ಹೆಣ್ಣುಮಗಳೇ ಸಕ್ರವ್ವ, ಶಂಕ್ರಪ್ಪನ ಒಡಹುಟ್ಟಿದ ತಂಗಿ. ವಯಸ್ಸು ನಲವತ್ತಾರು. ಟ್ರಾಲಿಯ ಹಿಂದಿನ ರಾಡಿ ಬಳಿಯುವುದು ಅವಳ ಪಾಳಿಯ ಕೆಲಸ. ಅಂದರೆ ಆ ಹತ್ತು ಅಡಿ ಜಾಗದೊಳಗೆ ಎಲ್ಲರಿಗಿಂತ ಹೆಚ್ಚು ಹೊತ್ತು ನಿಲ್ಲುತ್ತಿದ್ದವಳು ಅವಳೇ. ಇದು ಗೊತ್ತಾದ ದಿನದಿಂದ ಶಂಕ್ರಪ್ಪನಿಗೆ ಬೋರ್ಡು ಎಂಬುದು ಬರೀ ಬೋರ್ಡಾಗಿ ಉಳಿಯಲಿಲ್ಲ.

ಅವನು ಬಂದವನೇ ಬರೆಯಲಿಲ್ಲ. ಎರಡು ದಿನ ಕಲ್ಲಿನ ಚೂರಿನ ಗುಡ್ಡೆಯ ಮೇಲೆ ಕೂತು ಜನ ಹೇಗೆ ನಡೆಯುತ್ತಾರೆಂದು ನೋಡಿದ. ಯಾರೂ ತಲೆ ಎತ್ತಿ ನಡೆಯುವುದಿಲ್ಲ, ಕಾಲ ಕೆಳಗಿನ ರಾಡಿ ನೋಡುತ್ತ ನಡೆಯುತ್ತಾರೆ. ಓದಲು ಬರುವವರೂ ಓದುವುದಿಲ್ಲ. ಒಡಿಶಾದಿಂದ ಬಂದವರಿಗೆ ಕನ್ನಡ ಬಾರದು, ಇಲ್ಲಿಯ ಹೆಂಗಸರಿಗೆ ಯಾವ ಅಕ್ಷರವೂ ಬಾರದು. ಅಕ್ಷರ ಬೇಡ ಎಂದು ಅನಿಲಕುಮಾರನಿಗೆ ಹೇಳಿದ. ಕಣ್ಣು ಬರೆಯುತ್ತೇನೆ, ಬರೀ ಎರಡು ಕಣ್ಣು. ತಲೆ ತಗ್ಗಿಸಿ ನಡೆಯುವವನೂ ಯಾರೋ ತನ್ನನ್ನು ನೋಡುತ್ತಿದ್ದಾರೆ ಎನ್ನಿಸಿದರೆ ತಲೆ ಎತ್ತುತ್ತಾನೆ ಎಂದ. ಎಂಜಿನಿಯರಿಗೆ ಮಾತು ಹಿಡಿಸಿತು. ಮಂಚದಷ್ಟು ಅಗಲದ ಕಬ್ಬಿಣದ ತಗಡೊಂದನ್ನು ಹಿಂದಿನ ಗೋಡೆಗೆ ಬಿಗಿಸಿಕೊಟ್ಟ.

ಹಳದಿ ನೆಲ, ಕೆಂಪು ಅಂಚು, ಬಿಳಿ ಗುಡ್ಡೆ. ಮೂಗಿಲ್ಲ, ಬಾಯಿಲ್ಲ. ಯಂತ್ರ ನಿಂತ ಹೊತ್ತಿನಲ್ಲಷ್ಟೇ ಬರೆದದ್ದಕ್ಕೆ ಮೂರು ದಿನ ಹಿಡಿಯಿತು. ನಾಲ್ಕನೆಯ ದಿನ ಕರಿಬೊಟ್ಟು ಇಡುವುದಿತ್ತು. ಶಂಕ್ರಪ್ಪ ಆ ದಿನ ಬೆಳಿಗ್ಗೆ ಕೆಲಸಗಾರರು ಕೊಟ್ಟ ಚಹಾ ಕುಡಿಯಲಿಲ್ಲ. ಯಾಕೆಂದು ಕೇಳಿದರೆ ಅವನಿಗೂ ಗೊತ್ತಿಲ್ಲ, ಕಣ್ಣಿನ ದಿನ ಹೊಟ್ಟೆ ತಾನೇ ಬೇಡ ಎಂದಿತು. ಹಾರುವ ಪುಡಿ ಅಂಟಬಾರದೆಂದು ಅಡ್ಡ ತಾಡಪತ್ರಿ ಕಟ್ಟಿಸಿದ. ಎರಡೂ ಬೊಟ್ಟು ಸಮ ಬಂದಿವೆಯೇ ಎಂದು ನೋಡಲು, ಅಪ್ಪನ ಕಾಲದಿಂದ ಪೆಟ್ಟಿಗೆಯಲ್ಲಿದ್ದ ಕನ್ನಡಿಯನ್ನು ತೆಗೆದು ಕಣ್ಣಿನ ಎದುರಿಗೆ ಹಿಡಿದ. ಮೂವತ್ತು ವರ್ಷದ ಕೈ, ಅದಕ್ಕೆ ಇದು ಫ್ಯಾಕ್ಟರಿ ಎಂದು ಯಾರು ಹೇಳಬೇಕು? ಆಮೇಲೆ ಕನ್ನಡಿಯನ್ನು ಕೈಯಲ್ಲಿ ಹಿಡಿದೇ ತಾಡಪತ್ರಿ ಸರಿಸಿದ. ಊಟದ ಹೊತ್ತು, ಯಂತ್ರ ನಿಂತಿತ್ತು, ಕೆಲಸಗಾರರೆಲ್ಲ ನೆರೆದಿದ್ದರು. ಅರವತ್ತು ಜನ ಒಮ್ಮೆಗೇ ಒಂದು ಹೆಜ್ಜೆ ಹಿಂದೆ ಸರಿದರು.

ಶಂಕ್ರಪ್ಪ ಹಿಗ್ಗಿದ. ಅಪ್ಪ ಸತ್ತ ಮೇಲೆ ಆ ಹೆಜ್ಜೆಯನ್ನು ಅವನು ಕಂಡಿರಲಿಲ್ಲ. ಉಪವಾಸ, ಪರದೆ, ಕನ್ನಡಿ, ಎಲ್ಲವನ್ನೂ ಅರವತ್ತು ಜೊತೆ ಕಣ್ಣು ಕಂಡಿದ್ದವು ಎಂಬುದು ಮಾತ್ರ ಆಗ ಅವನಿಗೆ ಹೊಳೆಯಲಿಲ್ಲ. ಖುಷಿಯಲ್ಲಿದ್ದವನಿಗೆ ಹೊಳೆಯುವುದಾದರೂ ಹೇಗೆ?

ಮೂರು ವಾರ ಆ ಜಾಗವನ್ನು ಒಬ್ಬರೂ ಅಡ್ಡ ದಾಟಲಿಲ್ಲ. ನೀರಿಗೆ ನೂರು ಹೆಜ್ಜೆ ಸುತ್ತಿ ಹೋದರು. ಅನಿಲಕುಮಾರ ಫೋನ್ ಮಾಡಿ, ಇಂಥದ್ದನ್ನು ತಾನು ಯಾವ ಪುಸ್ತಕದಲ್ಲೂ ಓದಿಲ್ಲ ಎಂದ. ಬಾಗಲಕೋಟೆಯ ಗೆಳೆಯರಿಗೆ ಫೋಟೊ ಕಳಿಸಿದೆ ಎಂದ. ಶಂಕ್ರಪ್ಪ ಆ ಮಾತನ್ನು ಮನೆಯಲ್ಲಿ, ಚಹದ ಅಂಗಡಿಯಲ್ಲಿ, ಕ್ಷೌರದ ಅಂಗಡಿಯಲ್ಲಿ ಮೂರು ಸಲ ಹೇಳಿದ. ಕ್ಷೌರದವನಿಗೆ ನಾಲ್ಕು ಸಲ.

ನಾಲ್ಕನೆಯ ವಾರ ಅನಿಲಕುಮಾರನ ಫೋನು ಮತ್ತೆ ಬಂತು. ಈ ಸಲ ದನಿ ಬೇರೆ ಇತ್ತು. ಶುಕ್ರವಾರ ಬೆಳಿಗ್ಗೆ ಪಾಳಿ ಶುರುವಾಗುವ ಹೊತ್ತಿಗೆ ಒಮ್ಮೆ ಬಂದು ನೋಡಿ ಹೋಗಿ ಎಂದಷ್ಟೇ ಹೇಳಿದ.

ಶಂಕ್ರಪ್ಪ ಹೋದ. ಗೋಡೆಯ ಮೇಲಿನ ಕಣ್ಣುಗಳ ನಡುವೆ ರೂಪಾಯಿಯಗಲ ಕುಂಕುಮ ಬಂದಿತ್ತು. ತಗಡಿನ ಮೇಲೆ ಸೇವಂತಿಗೆ ಮಾಲೆ, ಕೆಳಗೆ ಉದಿನಕಡ್ಡಿ, ಒಡೆದ ಕಾಯಿ. ಒಬ್ಬರಾದ ಮೇಲೆ ಒಬ್ಬರು ಒಳಗೆ ಹೋಗಿ, ಟ್ರಾಲಿಗೆ ಬೆನ್ನು ಕೊಟ್ಟು, ಕಣ್ಣು ಮುಚ್ಚಿ ಕೈ ಮುಗಿದು ಬರುತ್ತಿದ್ದರು. ಒಳಗೆ ಹೋಗುವ ಮೊದಲು ಒಂದು ಕೆಲಸ ಮಾಡುತ್ತಿದ್ದರು. ದೇವರ ಮುಂದೆ ಹೋಗುವವರು ಮಾಡಲೇಬೇಕಾದ ಕೆಲಸ ಅದು. ಕಾಲಿನ ಸೇಫ್ಟಿ ಬೂಟು ಬಿಚ್ಚಿ ಹೊರಗಿಡುತ್ತಿದ್ದರು, ತಲೆಯ ಹೆಲ್ಮೆಟ್ ತೆಗೆದು ಬಗಲಲ್ಲಿ ಇಟ್ಟುಕೊಳ್ಳುತ್ತಿದ್ದರು. ಅಪಾಯದ ಬೋರ್ಡಿನ ಮುಂದೆ ಬರಿಗಾಲು, ಬರಿದಲೆ! ನಗಬೇಕೋ ಅಳಬೇಕೋ ತಿಳಿಯದೆ ಶಂಕ್ರಪ್ಪ ಗೋಡೆಗೆ ಒರಗಿ ನಿಂತ.

ಇದನ್ನು ಶುರುಮಾಡಿದವಳು ಸಕ್ರವ್ವ ಎಂದು ಅನಿಲಕುಮಾರ ಮೆಲ್ಲಗೆ ಹೇಳಿದ. ಮೊದಲ ಶುಕ್ರವಾರ ಒಂದು ಹೂವು, ಎರಡನೆಯದಕ್ಕೆ ಕಾಯಿ, ಈಗ ಇಡೀ ಪಾಳಿ. ಬೇಡ ಎಂದರೆ, ನಿಮ್ಮ ಒಳ್ಳೆಯದಕ್ಕೇ ಮಾಡುತ್ತಿದ್ದೇವೆ ಸಾಹೇಬ್ರೇ ಎನ್ನುತ್ತಾರೆ ಎಂದ.

ಅಷ್ಟರಲ್ಲಿ ಸಾಲು ಕರಗಿ ಎಲ್ಲರೂ ಕೆಲಸಕ್ಕೆ ಹೋದರು, ಗರಗಸ ಕೂಗಲು ಶುರುವಾಯಿತು. ಟ್ರಾಲಿ ವಾಪಸು ಬರುವ ಹೊತ್ತು. ಆಗ ಶಂಕ್ರಪ್ಪ ನೋಡುತ್ತಾನೆ, ಸಕ್ರವ್ವ ಇನ್ನೂ ಒಳಗಿದ್ದಾಳೆ. ಗಾಳಿಗೆ ಜಾರಿದ ಮಾಲೆಯನ್ನು ನೇರ ಮಾಡುತ್ತ, ತುದಿಗಾಲಲ್ಲಿ ನಿಂತಿದ್ದಾಳೆ. ಅವಳ ಬೆನ್ನ ಹಿಂದೆ ಆ ಕೆಂಪು ಬಂಡೆ ಸದ್ದಿಲ್ಲದೆ ಹೊರಟಿತ್ತು. ಅವನು ಕೂಗಿದ. ತನ್ನ ಕೂಗು ತನಗೇ ಕೇಳಿಸಲಿಲ್ಲ. ಓಡಿದ, ರಾಡಿಯಲ್ಲಿ ಜಾರಿ ಮೊಣಕಾಲೂರಿ ಬಿದ್ದ. ಬಿದ್ದಲ್ಲಿಂದ ಕಂಡದ್ದು ತಂಗಿಯ ಬರಿಯ ಹಿಮ್ಮಡಿ ಮತ್ತು ಅದರ ಕಡೆ ಬರುತ್ತಿದ್ದ ಟ್ರಾಲಿಯ ಗಾಲಿ. ಏಳು ಅಡಿ, ಐದು ಅಡಿ, ಮೂರು. ಆಮೇಲೆ ಗಾಲಿ ನಿಂತಿತು.

ನಿಂತದ್ದು ತಾನಾಗಿ ಅಲ್ಲ. ಮುಂದೆ ಗರಗಸದ ಬಳಿ ಸ್ವಿಚ್ಚಿನ ಪೆಟ್ಟಿಗೆಯ ಮುಂದೆ ಜಲಾಲುದ್ದೀನ ಎಂಬ ಆಪರೇಟರ್ ನಿಂತಿರುತ್ತಾನೆ. ಇಳಕಲ್ಲಿನವನೇ, ಇಪ್ಪತ್ತು ವರ್ಷದಿಂದ ಅದೇ ಕೆಲಸ. ಬಟನ್ ಒತ್ತಿ ಹಿಡಿದಷ್ಟು ಹೊತ್ತು ಮಾತ್ರ ಟ್ರಾಲಿ ನಡೆಯುತ್ತದೆ, ಅವನು ಬೆರಳು ತೆಗೆದಿದ್ದ. ಅವನ ಮುಖ ಸುಣ್ಣದಂತೆ ಬೆಳ್ಳಗಾಗಿತ್ತು.

ಸಕ್ರವ್ವ ತಿರುಗಿ ನೋಡಿದಳು. ಬಂಡೆ ಅವಳ ಮೂಗಿನಿಂದ ಎರಡು ಮೊಳ ದೂರದಲ್ಲಿತ್ತು. ಅವಳು ಅಲ್ಲೇ ತಗಡಿಗೆ ಹಣೆ ಹಚ್ಚಿದಳು. ಹೊರಗೆ ಬಂದ ಮೇಲೂ ಅವಳ ಬಾಯಲ್ಲಿ ಒಂದೇ ಮಾತು, ತಾಯಿ ಕಾದಳು, ತಾಯಿ ನನ್ನನ್ನು ಕಾದಳು. ಶಂಕ್ರಪ್ಪನಿಗೆ ಸಿಟ್ಟು ಬಂತು. ಭಯ ತಡೆಯಲಾರದ ಗಂಡಸರಿಗೆ ಬರುವ ಸಿಟ್ಟು ಅದು. ಅದು ದೇವರಲ್ಲ, ಕಬ್ಬಿಣದ ತಗಡು, ನಾನೇ ಡಬ್ಬಿ ಬಣ್ಣದಲ್ಲಿ ಬರೆದದ್ದು ಎಂದು ಎಲ್ಲರ ಎದುರು ಗದರಿದ. ಈಗಲೇ ಅಳಿಸಿಬಿಡುತ್ತೇನೆ ಎಂದು ತನ್ನ ಚೀಲದಲ್ಲಿದ್ದ ಟರ್ಪೆಂಟೈನ್ ಡಬ್ಬಿಗೆ ಕೈ ಹಾಕಿದ. ಸಕ್ರವ್ವ ಅವನ ಕೈ ಹಿಡಿದಳು.

"ಉಪಾಸ ಇದ್ದಾಂವ ನೀನ. ಪಡದಾ ಕಟ್ಟಿದಾಂವ ನೀನ. ಕನ್ನಡಿ ತೋರಿಸಿದಾಂವ ನೀನ. ಬರೆಯೂ ಮುಂದ ದೇವರು, ನಿನಗ ಬ್ಯಾಡಾದ ಮ್ಯಾಲ ತಗಡು? ಹಂಗ ಆಗೂದಿಲ್ಲಣ್ಣಾ. ಅಪ್ಪ ಇದ್ದಿದ್ರ ನಿನ್ನ ಕೈಯಾಗಿನ ಕುಂಚಾ ಕಸಗೊಳ್ತಿದ್ದ."

ಶಂಕ್ರಪ್ಪ ಡಬ್ಬಿ ಕೆಳಗಿಟ್ಟ. ಆಗ ಅವನಿಗೆ ತಾನು ಮಾಡಿದ್ದೇನೆಂದು ಒಂದೊಂದಾಗಿ ಹೊಳೆಯಿತು. ತಪ್ಪು ಇವರದಲ್ಲ. ಇವರು ಕಂಡದ್ದನ್ನು ಕಂಡಂತೆ ನಂಬಿದ್ದರು. ಒಬ್ಬ ಚಿತ್ರಗಾರ ಬಂದು ಕಣ್ಣು ತೆರೆಸಿದ್ದಾನೆ, ಇನ್ನು ಕಾಯಿ ಒಡೆಯದೆ ಇರುವುದು ಹೇಗೆ? ಬೆಂಗಳೂರಿನ ತ್ರಿಕೋನವನ್ನು ಯಾರೂ ನೋಡಲಿಲ್ಲ ಎಂದು ನಕ್ಕವನು ತಾನು. ತನ್ನ ಬೋರ್ಡನ್ನು ಎಲ್ಲರೂ ನೋಡಿದರು, ನೋಡಿ ನೋಡಿ ಅಪಾಯದ ಬಾಯೊಳಗೇ ಹೋಗಿ ನಿಂತರು. ಹಣಮಪ್ಪನನ್ನು ಕೆಡವಿದ್ದು ಬಾಯಾರಿಕೆ. ತನ್ನ ತಂಗಿಯನ್ನು ಕೆಡವಲಿದ್ದದ್ದು ತನ್ನ ಕೈಗುಣ. ಈ ವಿಚಾರ ಬಂದಾಗ ಅವನ ಕಣ್ಣಲ್ಲಿ ನೀರು ಬಂತು, ಅದನ್ನು ಅವನು ಮುಚ್ಚಿಡಲೂ ಇಲ್ಲ.

ಚಹಾ ಬಂತು. ಎಲ್ಲರೂ ಕುಡಿದರು. ಅನಿಲಕುಮಾರ ಗಡಿಬಿಡಿಯಲ್ಲಿ ಏನೇನೋ ಬರೆದುಕೊಳ್ಳುತ್ತಿದ್ದ. ಶಂಕ್ರಪ್ಪ ಮಾತ್ರ ಎದ್ದು ಜಲಾಲುದ್ದೀನನ ಬಳಿ ಹೋದ. ಬಂಡೆ ಅಡ್ಡ ಇರುವಾಗ ಹಿಂದಿನದು ಏನೂ ಕಾಣುವುದಿಲ್ಲ, ಸದ್ದು ಕೇಳಿಸುವುದಿಲ್ಲ. ಹಾಗಾದರೆ ನಿಲ್ಲಿಸಿದ್ದು ಹೇಗೆ? ಅದೇ ಅವನಿಗೆ ಬಗೆಹರಿದಿರಲಿಲ್ಲ.

"ಬೂಟ ಕಂಡ್ವು ಕಾಕಾ," ಎಂದ ಜಲಾಲುದ್ದೀನ. "ಎಲ್ಲಾರೂ ತಮ್ಮ ತಮ್ಮ ಬೂಟ ಮೆಟ್ಟಿಕೊಂಡು ಹೋದ್ರು. ಒಂದ ಜೋಡಿ ಅಲ್ಲೇ ಉಳದಿತ್ತು. ಸಣ್ಣ ಬೂಟ. ಬೂಟ ಹೊರಗ ಅದಾವ ಅಂದ್ರ ಮನುಷ್ಯಾ ಒಳಗ ಅದಾನ ಅಲ್ಲೇನ್ರಿ?"

ಶಂಕ್ರಪ್ಪ ಅವನ ಪಕ್ಕದಲ್ಲಿ ನಿಂತು ನೋಡಿದ. ನಿಜ, ಅಲ್ಲಿಂದ ಕಾಣುವುದು ಅಷ್ಟೇ. ಬಂಡೆಯ ಕೆಂಪು ಮೈ, ಮತ್ತು ಅದರ ಬದಿಗೆ ಬೂಟು ಬಿಡುತ್ತಿದ್ದ ಒಂದು ಚೂರು ನೆಲ. ನಾಲ್ಕು ದಿನ ಅವನು ಸಾಯಬಹುದಾದವರ ಕಣ್ಣಿಗಾಗಿ ಚಿತ್ರ ಬರೆದಿದ್ದ. ಬಟನ್ ಒತ್ತುವವನ ಕಣ್ಣಿಗೆ ಏನು ಬೇಕು ಎಂದು ಕೇಳಿಯೇ ಇರಲಿಲ್ಲ. ತ್ರಿಕೋನ ಮಾಡಿದವರೂ ಕೇಳಿರಲಿಲ್ಲ, ಸರಪಳಿ ಕಟ್ಟಿದವರೂ ಕೇಳಿರಲಿಲ್ಲ. ಇಪ್ಪತ್ತು ಟನ್ನು ಕಲ್ಲಿನ ಜೀವ ಈ ಮನುಷ್ಯನ ಹೆಬ್ಬೆರಳಿನಲ್ಲಿದೆ, ಮತ್ತು ಅವನು ಕುರುಡನಂತೆ ನಿಂತಿದ್ದಾನೆ.

ಅವನು ಅನಿಲಕುಮಾರನನ್ನು ಕರೆದು ವಿಚಾರ ಹೇಳಿದ. ಒಳಗೆ ಹೋಗುವವರು ಪ್ರತಿಯೊಬ್ಬರಿಗೂ ಒಂದು ಬಿಲ್ಲೆ. ಅದನ್ನು ಸ್ವಿಚ್ಚಿನ ಪೆಟ್ಟಿಗೆಗೆ, ಬಟನ್ನಿನ ಮೇಲೆಯೇ ಬರುವಂತೆ ತೂಗುಹಾಕಿ ಹೋಗಬೇಕು. ಬಂದ ಮೇಲೆ ತಾವೇ ತೆಗೆದುಕೊಳ್ಳಬೇಕು, ಒಬ್ಬರ ಬಿಲ್ಲೆಯನ್ನು ಮತ್ತೊಬ್ಬರು ಮುಟ್ಟುವ ಹಾಗಿಲ್ಲ. ಎಂಜಿನಿಯರ್ ಕಣ್ಣರಳಿಸಿದ. ದೊಡ್ಡ ಕಾರ್ಖಾನೆಗಳಲ್ಲಿ ಇಂಥದೇ ರೀತಿ ಇದೆ, ಬೀಗ ಹಾಕುತ್ತಾರೆ, ನಂಬರಿನ ಚೀಟಿ ಕಟ್ಟುತ್ತಾರೆ, ನಾನು ಪರೀಕ್ಷೆಗೆ ಓದಿದ್ದೆ, ಇಲ್ಲಿ ಯಾಕೆ ನೆನಪಾಗಲಿಲ್ಲವೋ ಎಂದ. ಹಾಗಾದರೆ ನಂಬರು ಬರೆಯಿರಿ, ಒಂದರಿಂದ ಹದಿನಾಲ್ಕು, ಒಳಗೆ ಹೋಗುವವರು ಹದಿನಾಲ್ಕು ಜನ ಎಂದ.

ನಂಬರು ಬೇಡ ಎಂದವನು ಜಲಾಲುದ್ದೀನ. ಅವನು ಅದನ್ನು ನಾಚುತ್ತಲೇ ಹೇಳಿದ. ಲಾರಿ ಬಂದು ನಿಂತಿರುತ್ತದೆ, ಡ್ರೈವರ್ ಹಾರ್ನ್ ಬಾರಿಸುತ್ತಿರುತ್ತಾನೆ, ಮಾಲಕರು ಮೇಲಿನಿಂದ ಕೈ ಮಾಡುತ್ತಿರುತ್ತಾರೆ. ಆ ಹೊತ್ತಿಗೆ ಒಂಬತ್ತು ಎಂಬ ನಂಬರನ್ನು ತನ್ನ ಬೆರಳು ಬದಿಗೆ ಸರಿಸಿಬಿಡಬಹುದು. ಒಂಬತ್ತು ಬಳಿದು ಹೋಗಿರಬೇಕು, ತೆಗೆಯಲು ಮರೆತಿರಬೇಕು ಅನ್ನಿಸಬಹುದು.

"ಅವರ ಮಾರಿ ಬರೀರಿ ಕಾಕಾ," ಎಂದ. "ಮಾರಿ ಇದ್ರ ನನ್ನ ಕೈ ಏಳೂದಿಲ್ಲ."

ಹೀಗೆ ಚಿತ್ರಗಾರರ ಮನೆತನದಲ್ಲಿ ಮೊದಲ ಸಲ ಮನುಷ್ಯರ ಮುಖ ಬರೆಯುವ ಕೆಲಸ ಶುರುವಾಯಿತು. ಫ್ಯಾಕ್ಟರಿಯ ಅಂಗಳದಲ್ಲಿ, ಬೇವಿನ ನೆರಳಿನಲ್ಲಿ, ಒಂದು ಕಲ್ಲಿನ ಮೇಲೆ ಒಬ್ಬೊಬ್ಬರಾಗಿ ಬಂದು ಕೂತರು. ಅಂಗೈಯಗಲದ ತಗಡು, ಒಬ್ಬೊಬ್ಬರಿಗೆ ಒಂದು ತಾಸು. ಮೊದಲು ಎಲ್ಲರೂ ನಕ್ಕರು, ಮೀಸೆ ತಿರುವಿದರು, ತಲೆಗೆ ಎಣ್ಣೆ ಹಚ್ಚಿಕೊಂಡು ಬಂದರು. ಒಡಿಶಾದವನೊಬ್ಬ ತನ್ನ ಮುಖ ನೋಡಿ, ಫೋಟೊ ತೆಗೆದು ಊರಿಗೆ ಕಳಿಸಿದ. ದ್ಯಾಮವ್ವನ ಮುಖ ಬರೆಯುವುದು ಸುಲಭ ಎಂದು ಶಂಕ್ರಪ್ಪನಿಗೆ ಅನ್ನಿಸತೊಡಗಿತು. ಅವಳಿಗೆ ಅಳತೆಯಿದೆ, ಅಪ್ಪ ಹಾಕಿಕೊಟ್ಟ ಗೆರೆಯಿದೆ. ಇವರಿಗೆ ಏನಿದೆ? ಒಬ್ಬನ ಹುಬ್ಬಿನಲ್ಲಿ ಕಲ್ಲಿನ ಚೂರು ಸಿಡಿದ ಗಾಯ, ಒಬ್ಬಳ ರೆಪ್ಪೆಯ ಮೇಲೆ ತೊಳೆದರೂ ಹೋಗದ ಕೆಂಪು ಪುಡಿ. ಒಂದು ಮುಖದಂತೆ ಇನ್ನೊಂದಿಲ್ಲ. ಇಷ್ಟು ವರ್ಷ ಇಂಥವರ ನಡುವೆ ಓಡಾಡಿ ತಾನು ಯಾರನ್ನೂ ನೋಡಿಯೇ ಇಲ್ಲವಲ್ಲ ಎಂದು ಅವನು ಬೆರಗಾದ.

ಕೊನೆಗೆ ಸಕ್ರವ್ವ ಬಂದಳು. ಮುಖ ಗಂಟು ಹಾಕಿಕೊಂಡೇ ಕೂತಳು. ಬರೆಯುತ್ತ ಬರೆಯುತ್ತ ಶಂಕ್ರಪ್ಪ ಕಂಡ: ಅವ್ವನ ಗದ್ದ, ಅಪ್ಪನ ಹಣೆ, ಎಡಗಣ್ಣಿನ ಕೆಳಗೆ ಚಿಕ್ಕಂದಿನಲ್ಲಿ ತಾನೇ ಹೊಡೆದ ಗಿಲ್ಲಿಯ ಕಲೆ. ಗಂಡ ಸತ್ತು ಹತ್ತು ವರ್ಷವಾದರೂ ಯಾರ ಮುಂದೆಯೂ ಕೈ ಚಾಚದೆ, ದಿನಕ್ಕೆ ಎಂಟು ತಾಸು ರಾಡಿ ಬಳಿದವಳ ಮುಖ. ಎಷ್ಟೋ ದೇವಿಯರ ಮುಖ ಬರೆದ ಈ ಕೈ ಇದನ್ನು ಒಮ್ಮೆಯೂ ಬರೆದಿರಲಿಲ್ಲ. ಮುಗಿಸಿ ಬಿಲ್ಲೆಯನ್ನು ಅವಳ ಕೈಗೆ ಕೊಟ್ಟ. ಅವಳು ಬಹಳ ಹೊತ್ತು ನೋಡಿದಳು. ನಾನು ಇಷ್ಟು ಮುದುಕಿ ಆಗಿದ್ದೇನೆಯೇ ಎಂದು ಕೇಳಿದಳು. ಆಮೇಲೆ ಇಬ್ಬರೂ ನಕ್ಕರು.

ನಕ್ಕ ಮೇಲೆ ಮಾತು ಸಲೀಸಾಯಿತು. ತಾಯಿ ಇಲ್ಲಿಂದ ಹೋಗಬೇಕಾದರೆ ಮರ್ಯಾದೆಯಿಂದ ಹೋಗಲಿ, ಅಷ್ಟೇ ತನ್ನ ಹಟ ಎಂದಳು ಸಕ್ರವ್ವ. ಶಂಕ್ರಪ್ಪ ಒಪ್ಪಿದ. ಮುಂದಿನ ಮಂಗಳವಾರ ಬೆಳಿಗ್ಗೆ ಯಂತ್ರ ನಿಲ್ಲಿಸಿದರು. ಶಂಕ್ರಪ್ಪ ಮಿಂದು ಬಂದು, ತಂಬಿಗೆ ನೀರು, ವೀಳ್ಯದೆಲೆ ಇಟ್ಟು, ಅಪ್ಪ ಕಲಿಸಿದಂತೆ ಕಳೆ ಇಳಿಸಿದ. ಬಟ್ಟೆಯನ್ನು ಟರ್ಪೆಂಟೈನಿನಲ್ಲಿ ಅದ್ದಿ ಮೊದಲು ಬಲಗಣ್ಣಿನ ಬೊಟ್ಟು, ಆಮೇಲೆ ಎಡಗಣ್ಣಿನದು ಒರೆಸಿದ. ಬೊಟ್ಟು ಹೋದೊಡನೆ ಗೋಡೆಯ ಮೇಲೆ ಉಳಿದದ್ದು ತಗಡು. ಅದು ಎಲ್ಲರಿಗೂ ಒಂದೇ ಗಳಿಗೆಗೆ ತಿಳಿಯಿತು, ಯಾರೂ ಹೇಳಬೇಕಾಗಲಿಲ್ಲ. ಸಕ್ರವ್ವ ತಂಬಿಗೆ ಹೊತ್ತು ದ್ಯಾಮವ್ವನ ಗುಡಿಗೆ ನಡೆದಳು, ಹೆಂಗಸರೆಲ್ಲ ಅವಳ ಹಿಂದೆ. ಅನಿಲಕುಮಾರನೂ ಬೂಟು ಬಿಚ್ಚಿ ನಿಂತಿದ್ದ.

ನೀರಿನ ಹರವಿಯನ್ನು ಈ ಕಡೆಗೇ ತಂದಿಟ್ಟಿದ್ದರೆ ಅರ್ಧ ರಗಳೆ ತಪ್ಪುತ್ತಿತ್ತಲ್ಲ ಎಂದು ನೀವು ಕೇಳಬಹುದು. ಸಕ್ರವ್ವ ಅದನ್ನೇ ಕೇಳಿದಳು. ಎಂಜಿನಿಯರೂ ಚಿತ್ರಗಾರನೂ ಮುಖ ಮುಖ ನೋಡಿಕೊಂಡರು. ಮರುದಿನ ಹರವಿ ಈಚೆಗೆ ಬಂತು. ರಾಡಿ ಮಾತ್ರ ಅಲ್ಲಿಯೇ ಹರಿಯುತ್ತದೆ, ಅದನ್ನು ಬಳಿಯಲು ಒಳಗೆ ಹೋಗುವುದು ತಪ್ಪಿದ್ದಲ್ಲ.

ತಿಂಗಳು ಕಳೆದ ಮೇಲೆ ಬಿಲ್ಲೆಗಳಿಗೆ ಮತ್ತೊಂದು ಪದರು ವಾರ್ನಿಶ್ ಹಚ್ಚಲು ಶಂಕ್ರಪ್ಪ ಹೋದ. ಆ ದಿನ ಹೊಸಪೇಟೆಯ ಕಡೆಯ ಲಾರಿಯೊಂದು ಬಾಗಿಲಲ್ಲಿ ನಿಂತು ಹಾರ್ನ್ ಬಾರಿಸುತ್ತಿತ್ತು. ಮಾಲಕರು ಖುದ್ದಾಗಿ ಕೆಳಗಿಳಿದು ಬಂದಿದ್ದರು. ಕ್ರೇನಿನಲ್ಲಿ ಹೊಸ ಬಂಡೆ ತೂಗುತ್ತಿತ್ತು, ಟ್ರಾಲಿ ಹಿಂದೆ ಬರಬೇಕಿತ್ತು. ಜಲಾಲುದ್ದೀನ ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ನಿಂತಿದ್ದ. ಯಾಕೆ ನಿಂತೆ ಎಂದು ಮಾಲಕರು ಸನ್ನೆಯಲ್ಲಿ ಕೇಳಿದರು. ಅವನು ಗದ್ದದಿಂದ ಪೆಟ್ಟಿಗೆಯ ಕಡೆ ತೋರಿಸಿದ. ಬಟನ್ನಿನ ಮೇಲೆ ಸಕ್ರವ್ವನ ಮುಖ ತೂಗುತ್ತಿತ್ತು. ಮಾಲಕರು ಅದನ್ನು ನೋಡಿದರು. ಅವರೂ ಕೈ ಕಟ್ಟಿ ನಿಂತರು. ಲಾರಿಯ ಡ್ರೈವರ್ ಇಳಿದು ಒಳಗೆ ಬಂದವನು, ಇವರನ್ನು ನೋಡಿ ತಾನೂ ನಿಂತ.

ಶಂಕ್ರಪ್ಪ ವಾರ್ನಿಶ್ ಡಬ್ಬಿ ಹಿಡಿದು ನಿಂತಲ್ಲೇ ನಿಂತ. ಹಬ್ಬ ಹುಣ್ಣಿಮೆಗೆ ದೇವಿಯ ಮುಂದೆ ಸಾವಿರ ಜನ ಕೈ ಕಟ್ಟಿ ನಿಂತದ್ದನ್ನು ಅವನು ಕಂಡವನು. ಒಳಗೆ ರಾಡಿ ಬಳಿಯುತ್ತಿರುವ ಒಬ್ಬ ಹೆಣ್ಣುಮಗಳಿಗಾಗಿ ಬಂಡೆ, ಕ್ರೇನು, ಲಾರಿ, ಮಾಲಕರು ಎಲ್ಲ ಹೀಗೆ ನಿಲ್ಲಬಹುದೆಂದು ಅವನು ಕನಸಿನಲ್ಲೂ ಎಣಿಸಿರಲಿಲ್ಲ.

ಸಕ್ರವ್ವನಿಗೆ ಇದ್ಯಾವುದೂ ಗೊತ್ತಿಲ್ಲ. ಅವಳು ಮೂಲೆಯ ರಾಡಿಯನ್ನೂ ಬಿಡದೆ ಬಳಿದು, ಸಲಿಕೆ ಗೋಡೆಗೆ ಒರಗಿಸಿ, ಸೆರಗಿಗೆ ಕೈ ಒರೆಸಿಕೊಳ್ಳುತ್ತ ಹೊರಗೆ ಬಂದಳು. ಪೆಟ್ಟಿಗೆಯ ಬಳಿ ಬಂದು ತನ್ನ ಬಿಲ್ಲೆಯನ್ನು ತೆಗೆದುಕೊಂಡಳು.

"ಬಂದ್ಯಾ ಅಕ್ಕಾ?" ಎಂದು ಜಲಾಲುದ್ದೀನ ಕೇಳಿದ.

"ಬಂದೆ," ಎಂದಳು.

ಅವನು ಬಟನ್ ಒತ್ತಿದ. ಟ್ರಾಲಿ ಸದ್ದಿಲ್ಲದೆ ಹಿಂದಕ್ಕೆ ಸರಿದು ಗೋಡೆಯ ತನಕ ಹೋಯಿತು. ಅಲ್ಲಿ ಯಾರೂ ಇರಲಿಲ್ಲ.